ಕಾಣದ ಕೇಳುಗರು

ಎದುರಿಗೆ ಕುಳಿತವರೊಡನೆ ಮಾತನಾಡುವುದು ಸುಲಭ. ಅವರ ಮುಖವನ್ನು ನೋಡುತ್ತ, ನಮ್ಮ ಮಾತು ಹಿಡಿಸಿತೋ ಇಲ್ಲವೋ ಎಂಬುದನ್ನು ಅಲ್ಲಿಯೇ ಅರಿತುಕೊಳ್ಳಬಹುದು. ತಪ್ಪಿದರೆ ತಿದ್ದುವವರಿರುತ್ತಾರೆ, ಸುಳ್ಳಾಡಿದರೆ ತಡೆದು ಕೇಳುವವರಿರುತ್ತಾರೆ. ಆದರೆ ಸಾವಿರಾರು ಮೈಲಿಗಳ ಆಚೆ, ಬೇರೊಂದು ದೇಶದಲ್ಲಿ, ಬೇರೆ ಬೇರೆ ಭಾಷೆಗಳನ್ನಾಡುವ ಜನರೊಡನೆ ಬಾನುಲಿಯ ಮೂಲಕ ಮಾತನಾಡುವವನಿಗೆ ಈ ಅನುಕೂಲವಿಲ್ಲ. ಅವನ ಮುಂದೆ ಇರುವುದು ಒಂದು ಮೈಕು, ಒಂದು ಹಾಳೆ, ನಾಲ್ಕು ಗೋಡೆಗಳು. ಕೇಳುವವರು ಯಾರು, ಎಷ್ಟು ಮಂದಿ, ಕೇಳಿ ಏನೆಂದುಕೊಂಡರು ಎಂಬುದೊಂದೂ ಅವನಿಗೆ ತಿಳಿಯದು. ಇಂತಹ ಸ್ಥಿತಿಯಲ್ಲಿ, ಅದೂ ಯುದ್ಧ ನಡೆಯುತ್ತಿರುವಾಗ, ಸತ್ಯದ ದಾರಿಯನ್ನು ಬಿಡದೆ ನಡೆಯುವುದು ಕಠಿಣವಾದ ಪರೀಕ್ಷೆ. ಈ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಂಡು, ಎರಡು ವರ್ಷಗಳ ಕಾಲ ಲಂಡನ್ನಿನಿಂದ ಭಾರತದ ಜನರಿಗಾಗಿ ದುಡಿದ ಲೇಖಕರೊಬ್ಬರಿದ್ದರು. ಅವರೇ ಜಾರ್ಜ್ ಆರ್ವೆಲ್. ‘ಅನಿಮಲ್ ಫಾರ್ಮ್’ ಮತ್ತು ‘ನೈನ್‌ಟೀನ್ ಎಯ್ಟಿ ಫೋರ್’ ಎಂಬ ಕಾದಂಬರಿಗಳಿಂದ ಅವರ ಹೆಸರು ಜಗತ್ತಿಗೆಲ್ಲ ಪರಿಚಿತವಾಗಿದೆ. ಆದರೆ ಆ ಕಾದಂಬರಿಗಳ ಹಿಂದೆ ಇರುವ ಬಾನುಲಿಯ ದಿನಗಳ ಕಥೆಯನ್ನು ಬಲ್ಲವರು ಕಡಿಮೆ.

ಆರ್ವೆಲ್ಲರ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಅವರು ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1903ರ ಜೂನ್ 25ರಂದು ಬಿಹಾರದ ಮೋತಿಹಾರಿಯಲ್ಲಿ ಅವರ ಜನನವಾಯಿತು. ತಂದೆ ರಿಚರ್ಡ್ ಬ್ಲೇರ್ ಆಂಗ್ಲ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿ. ರೈತರು ಬೆಳೆದ ಅಫೀಮನ್ನು ಕೊಂಡು ಹೊರದೇಶಗಳಿಗೆ ಮಾರಿ ಹಣ ಗಳಿಸುವುದು ಆ ಇಲಾಖೆಯ ಉದ್ದೇಶವಾಗಿತ್ತು. ತಾಯಿ ಐಡಾ ಬರ್ಮಾದ ಮೌಲ್ಮೇನಿನಲ್ಲಿ ಬೆಳೆದವರು. ಮಗು ವರ್ಷ ತುಂಬಿದ ಮೇಲೆ ತಾಯಿಯೊಡನೆ ಇಂಗ್ಲೆಂಡಿಗೆ ಹೊರಟುಹೋಯಿತು. ಮುಂದೆ 1917ರಲ್ಲಿ ಗಾಂಧೀಜಿಯವರು ನೀಲಿ ಬೆಳೆಗಾರರ ಸಂಕಟವನ್ನು ವಿಚಾರಿಸಲು ಚಂಪಾರಣ್ಯಕ್ಕೆ ಬಂದು, ನ್ಯಾಯಾಲಯದ ಕಟಕಟೆಯಲ್ಲಿ ನಿಂತದ್ದು ಇದೇ ಮೋತಿಹಾರಿಯಲ್ಲಿ. ಆಳುವವರ ಮನೆಯಲ್ಲಿ ಹುಟ್ಟಿದ ಮಗುವೊಂದು, ಆಳಿಸಿಕೊಳ್ಳುವವರ ಕಡೆಗೆ ಮುಖ ತಿರುಗಿಸಲು ಇನ್ನೂ ಹಲವು ವರ್ಷಗಳು ಬೇಕಾಗಿದ್ದವು.

ಬಾಲಕ ಎರಿಕ್ ಬುದ್ಧಿವಂತ. ಆದರೆ ಮನೆಯಲ್ಲಿ ಹೇಳಿಕೊಳ್ಳುವಂತಹ ಸಿರಿತನವಿರಲಿಲ್ಲ. ವಿದ್ಯಾರ್ಥಿವೇತನದ ಬಲದಿಂದ ಈಟನ್ ಎಂಬ ಪ್ರಸಿದ್ಧ ಶಾಲೆಯಲ್ಲಿ ಓದಿದನು. ಸಹಪಾಠಿಗಳಲ್ಲಿ ಹಲವರು ವಿಶ್ವವಿದ್ಯಾನಿಲಯಗಳಿಗೆ ಹೋದರೆ, ಎರಿಕ್ 1922ರಲ್ಲಿ ಪೊಲೀಸ್ ಅಧಿಕಾರಿಯಾಗಿ ಬರ್ಮಾಕ್ಕೆ ಹಡಗು ಹತ್ತಿದನು. ಆಗ ಬರ್ಮಾ ಬ್ರಿಟಿಷ್ ಭಾರತದ ಒಂದು ಪ್ರಾಂತವಾಗಿತ್ತು. ಅಲ್ಲಿ ಐದು ವರ್ಷಗಳ ಕಾಲ ಊರಿಂದೂರಿಗೆ ವರ್ಗವಾಗುತ್ತ ಕೆಲಸ ಮಾಡಿದ ಬ್ಲೇರ್, ಬರ್ಮೀ ಮತ್ತು ಹಿಂದುಸ್ತಾನಿ ಭಾಷೆಗಳನ್ನು ಕಲಿತು ಇಲಾಖೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಜನರ ಭಾಷೆ ಬಂದ ಮೇಲೆ ಜನರ ಮನಸ್ಸು ಕಾಣದಿರಲು ಸಾಧ್ಯವಿಲ್ಲ. ಸೆರೆಮನೆಗಳಲ್ಲಿ, ನ್ಯಾಯಾಲಯಗಳಲ್ಲಿ, ಸಂತೆಬೀದಿಗಳಲ್ಲಿ ಅವರು ಕಂಡದ್ದು ಪರರ ಆಳ್ವಿಕೆಯ ಕೆಳಗೆ ಕುದಿಯುತ್ತಿದ್ದ ಜನರನ್ನು. ಆ ಆಳ್ವಿಕೆಯ ಕೈಗೋಲು ತಾವೇ ಎಂಬ ಅರಿವು ಅವರನ್ನು ಬಾಧಿಸತೊಡಗಿತು. 1927ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಬಂದವರು ಆ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟುಬಿಟ್ಟರು. ಪರರನ್ನು ಆಳಲು ಹೊರಟವನು ತನ್ನ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾನೆ ಎಂಬುದನ್ನು ಅವರು ‘ಶೂಟಿಂಗ್ ಆ್ಯನ್ ಎಲಿಫೆಂಟ್’ ಎಂಬ ಪ್ರಬಂಧದಲ್ಲಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ.

ಆಮೇಲಿನ ವರ್ಷಗಳು ಬಡತನದ ವರ್ಷಗಳು. ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದರು, ಲಂಡನ್ನಿನಲ್ಲಿ ನಿರ್ಗತಿಕರ ನಡುವೆ ಮಲಗೆದ್ದರು, ಶಾಲಾಮಾಸ್ತರರಾದರು, ಪುಸ್ತಕದಂಗಡಿಯಲ್ಲಿ ದುಡಿದರು. ಈ ಅನುಭವಗಳನ್ನು ಕುರಿತ ಮೊದಲ ಪುಸ್ತಕ 1933ರಲ್ಲಿ ಪ್ರಕಟವಾದಾಗ ಜಾರ್ಜ್ ಆರ್ವೆಲ್ ಎಂಬ ಹೆಸರನ್ನು ಇಟ್ಟುಕೊಂಡರು. ಮರುವರ್ಷ ಬರ್ಮಾದ ಅನುಭವಗಳಿಂದ ಹುಟ್ಟಿದ ‘ಬರ್ಮೀಸ್ ಡೇಸ್’ ಕಾದಂಬರಿ ಹೊರಬಂದಿತು.

1936ರಲ್ಲಿ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಆರಂಭವಾಯಿತು. ಜನರು ಆರಿಸಿದ ಸರ್ಕಾರವನ್ನು ಸೇನಾನಾಯಕರು ಉರುಳಿಸಲು ಹೊರಟಾಗ, ಆ ಸರ್ಕಾರದ ಪರವಾಗಿ ಹೋರಾಡಲು ಆರ್ವೆಲ್ಲರು ಅಲ್ಲಿಗೆ ಹೋದರು. 1937ರ ಮೇ ತಿಂಗಳಲ್ಲಿ ಶತ್ರುವಿನ ಗುಂಡೊಂದು ಅವರ ಕೊರಳನ್ನು ತೂರಿಹೋಯಿತು. ಜೀವ ಉಳಿಯಿತು, ಆದರೆ ಧ್ವನಿ ಕುಗ್ಗಿತು. ಮುಂದೆ ಎಂದಿಗೂ ಅವರು ಗಟ್ಟಿಯಾಗಿ ಮಾತನಾಡಲಾಗಲಿಲ್ಲ. ಅದೇ ಸ್ಪೇನಿನಲ್ಲಿ ಅವರಿಗೆ ಇನ್ನೊಂದು ಗಾಯವೂ ಆಯಿತು. ಅದು ಮನಸ್ಸಿಗೆ ಆದ ಗಾಯ. ನಡೆಯದ ಯುದ್ಧಗಳನ್ನು ನಡೆದವೆಂದೂ, ನಡೆದ ಯುದ್ಧಗಳನ್ನು ನಡೆಯಲೇ ಇಲ್ಲವೆಂದೂ ಪತ್ರಿಕೆಗಳು ಬರೆಯುವುದನ್ನು ಅವರು ಕಂಡರು. ಜೊತೆಯಲ್ಲಿ ನಿಂತು ಹೋರಾಡಿದ ವೀರರನ್ನು ದ್ರೋಹಿಗಳೆಂದು ಹೆಸರಿಟ್ಟು ಬೇಟೆಯಾಡುವುದನ್ನು ಕಂಡರು. ಹೀಗೆಯೇ ನಡೆದರೆ ನಿಜವಾಗಿ ಏನು ನಡೆಯಿತೆಂಬುದೇ ಮುಂದಿನ ಪೀಳಿಗೆಗೆ ತಿಳಿಯದೆಹೋದೀತೆಂಬ ಭಯ ಅವರಲ್ಲಿ ಬೇರೂರಿತು. ಸ್ಪೇನಿನಿಂದ ಹಿಂದಿರುಗಿದ ಮರುವರ್ಷವೇ ಶ್ವಾಸಕೋಶದ ಕಾಯಿಲೆ ಕಾಣಿಸಿಕೊಂಡಿತು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಈ ಯುದ್ಧ ನೆಲದ ಮೇಲೆ, ನೀರಿನ ಮೇಲೆ, ಆಕಾಶದಲ್ಲಿ ನಡೆದಂತೆ ಬಾನುಲಿಯ ಅಲೆಗಳ ಮೇಲೂ ನಡೆಯಿತು. ಶಾರ್ಟ್‌ವೇವ್ ಎಂದು ಕರೆಯುವ ಹ್ರಸ್ವ ತರಂಗಗಳು ಭೂಮಿಯಿಂದ ಬಹು ಎತ್ತರದಲ್ಲಿರುವ ಅಯಾನುಗೋಳವನ್ನು ತಲುಪಿ ಮತ್ತೆ ನೆಲದ ಕಡೆಗೆ ಬಾಗುತ್ತವೆ. ನೆಲದಿಂದ ಪುನಃ ಮೇಲಕ್ಕೆ ಚಿಮ್ಮುತ್ತವೆ. ಹೀಗೆ ಹಾರಿ ಹಾರಿ ಅವು ಸಮುದ್ರಗಳನ್ನು ದಾಟಿ ಖಂಡಾಂತರಗಳನ್ನು ಮುಟ್ಟಬಲ್ಲವು. ಗಡಿಯ ಕಾವಲುಗಾರ ಪುಸ್ತಕವನ್ನು ತಡೆಯಬಹುದು, ಪತ್ರಿಕೆಯನ್ನು ಕಸಿದುಕೊಳ್ಳಬಹುದು. ಗಾಳಿಯಲ್ಲಿ ಬರುವ ಮಾತನ್ನು ತಡೆಯುವುದು ಅಷ್ಟು ಸುಲಭವಲ್ಲ. ಈ ಶಕ್ತಿಯನ್ನು ಎಲ್ಲ ದೇಶಗಳೂ ಅರಿತಿದ್ದವು. ಲಂಡನ್ನಿನ ಬಿ.ಬಿ.ಸಿ. ಸಂಸ್ಥೆ 1932ರಿಂದಲೇ ದೂರದ ದೇಶಗಳಿಗೆ ಇಂಗ್ಲಿಷಿನಲ್ಲಿ ಪ್ರಸಾರ ನಡೆಸುತ್ತಿತ್ತು. ಇಂಗ್ಲಿಷ್ ಬಲ್ಲವರು ಎಲ್ಲಿಯೂ ಕೆಲವರೇ. ಜನರ ಮನಸ್ಸನ್ನು ಮುಟ್ಟಬೇಕಾದರೆ ಜನರ ಭಾಷೆಯಲ್ಲಿಯೇ ಮಾತನಾಡಬೇಕು. ಆದುದರಿಂದ 1938ರಲ್ಲಿ ಅರಬ್ಬೀ ಭಾಷೆಯಲ್ಲಿ, 1940ರಲ್ಲಿ ಹಿಂದುಸ್ತಾನಿಯಲ್ಲಿ, 1941ರಲ್ಲಿ ತಮಿಳು ಮತ್ತು ಬಂಗಾಳಿಗಳಲ್ಲಿ, 1942ರಲ್ಲಿ ಮರಾಠಿ ಮತ್ತು ಗುಜರಾತಿಗಳಲ್ಲಿ ಪ್ರಸಾರ ಆರಂಭವಾಯಿತು.

ಭಾರತದ ಕಡೆಗೆ ಎಲ್ಲರ ಗಮನವಿತ್ತು. ಭಾರತೀಯರನ್ನು ಒಂದು ಮಾತೂ ಕೇಳದೆ ಬ್ರಿಟಿಷರು ಈ ದೇಶವನ್ನು ಯುದ್ಧಕ್ಕೆ ಎಳೆದಿದ್ದರು. ಲಕ್ಷಾಂತರ ಭಾರತೀಯ ಸೈನಿಕರು ದೂರದ ರಣರಂಗಗಳಲ್ಲಿ ಹೋರಾಡುತ್ತಿದ್ದರು. ಸ್ವಾತಂತ್ರ್ಯಕ್ಕಾಗಿ ಹಂಬಲಿಸುತ್ತಿದ್ದ ಜನರು ಆಳುವವರ ಮಾತನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಅತ್ತ ಬರ್ಲಿನ್ನಿನಿಂದ ಆಜಾದ್ ಹಿಂದ್ ರೇಡಿಯೋ ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡತೊಡಗಿತು. 1942ರ ಫೆಬ್ರವರಿಯಲ್ಲಿ ಸುಭಾಷ್‌ಚಂದ್ರ ಬೋಸರೇ ಅಲ್ಲಿಂದ ತಮ್ಮ ದೇಶಬಾಂಧವರನ್ನು ಉದ್ದೇಶಿಸಿ ಮಾತನಾಡಿದರು. ಸ್ವಾತಂತ್ರ್ಯದ ಕರೆಯನ್ನು ಹೊತ್ತು ಬಂದ ಆ ದನಿಗೆ ಭಾರತೀಯರು ಕಿವಿಗೊಟ್ಟದ್ದು ಸಹಜವೇ ಆಗಿತ್ತು.

ಇಂತಹ ಸಂದರ್ಭದಲ್ಲಿ, 1941ರ ಆಗಸ್ಟ್ ತಿಂಗಳಲ್ಲಿ, ಆರ್ವೆಲ್ಲರು ಬಿ.ಬಿ.ಸಿ.ಯ ಪೂರ್ವ ದೇಶಗಳ ವಿಭಾಗವನ್ನು ಸೇರಿದರು. ಸೈನ್ಯಕ್ಕೆ ಸೇರಲು ಅವರು ಪ್ರಯತ್ನಿಸಿದ್ದರು; ರೋಗಪೀಡಿತ ಶರೀರವನ್ನು ಕಂಡು ಸೈನ್ಯ ಅವರನ್ನು ಬೇಡವೆಂದಿತ್ತು. ಬಾನುಲಿಯ ಕೆಲಸವೂ ಅವರಿಗೆ ಸುಲಭದ ಆಯ್ಕೆಯಾಗಿರಲಿಲ್ಲ. ಭಾರತಕ್ಕೆ ಸ್ವಾತಂತ್ರ್ಯ ದೊರೆಯಬೇಕೆಂದು ಅವರು ಬಹಿರಂಗವಾಗಿ ಬರೆಯುತ್ತಿದ್ದವರು. ಆದರೆ ಹಿಟ್ಲರನ ಜರ್ಮನಿಯೂ ಸೈನಿಕಬಲದಿಂದ ಮುನ್ನುಗ್ಗುತ್ತಿದ್ದ ಜಪಾನೂ ಗೆದ್ದರೆ ಯಾವ ದೇಶದ ಸ್ವಾತಂತ್ರ್ಯಕ್ಕೂ ಉಳಿವಿಲ್ಲವೆಂಬುದು ಅವರ ದೃಢವಾದ ನಂಬಿಕೆ. ಸಾಮ್ರಾಜ್ಯವನ್ನು ದ್ವೇಷಿಸುತ್ತಲೇ ಆ ಸಾಮ್ರಾಜ್ಯದ ಬಾನುಲಿಯಲ್ಲಿ ದುಡಿಯಬೇಕು. ಸುಳ್ಳನ್ನು ದ್ವೇಷಿಸುತ್ತಲೇ ಪ್ರಚಾರದ ಕೆಲಸವನ್ನು ಕೈಗೊಳ್ಳಬೇಕು. ಈ ಇಕ್ಕಟ್ಟಿನಲ್ಲಿ ಅವರು ಕಾಲಿಟ್ಟದ್ದು ಕಣ್ಣು ತೆರೆದೇ.

ಭಾರತೀಯ ವಿಭಾಗದ ಮುಖ್ಯಸ್ಥರಾಗಿದ್ದವರು ಜುಲ್ಫಿಕರ್ ಅಲಿ ಬುಖಾರಿ. ಭಾರತದ ರೇಡಿಯೋದಲ್ಲಿ ನುರಿತಿದ್ದ ಅವರು ಮುಂದೆ ಪಾಕಿಸ್ತಾನದ ರೇಡಿಯೋ ಸಂಸ್ಥೆಯನ್ನು ಕಟ್ಟಿದರು. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಆರ್ವೆಲ್ಲರ ಸ್ನೇಹಿತರು. ಮುಂದೆ ನಮ್ಮ ಆಕಾಶವಾಣಿಯ ಮಹಾನಿರ್ದೇಶಕರಾದ ಸಂಗೀತಜ್ಞ ನಾರಾಯಣ ಮೆನನ್ ಅವರೂ ಅಲ್ಲಿನ ಕಾರ್ಯಕ್ರಮಗಳಲ್ಲಿ ನೆರವಾದರು. ಮಹಾರಾಷ್ಟ್ರದ ವೇಣು ಚಿತಳೆ ಎಂಬ ತರುಣಿ ಆರ್ವೆಲ್ಲರ ಸಹಾಯಕಿಯಾಗಿ ಮರಾಠಿ ಪ್ರಸಾರಗಳಲ್ಲಿಯೂ ಇಂಗ್ಲಿಷ್ ಪ್ರಸಾರಗಳಲ್ಲಿಯೂ ದುಡಿದರು. ಮುಂದೆ ಹಿಂದೀ ಚಲನಚಿತ್ರಗಳ ಶ್ರೇಷ್ಠ ನಟರೆನಿಸಿದ ಬಲರಾಜ್ ಸಾಹನಿಯವರು ಆಗ ಹಿಂದುಸ್ತಾನಿ ವಿಭಾಗದಲ್ಲಿದ್ದರು. 1942ರಲ್ಲಿ ಈ ಕಚೇರಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ದೊಡ್ಡ ಅಂಗಡಿಯೊಂದರ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ತೆಳುವಾದ ಅಡ್ಡಗೋಡೆಗಳಿಂದ ಗೂಡುಗಳಂತೆ ವಿಂಗಡಿಸಿದ್ದ ಆ ಕೋಣೆಗಳಲ್ಲಿ ಬೆರಳಚ್ಚು ಯಂತ್ರಗಳ ಸದ್ದಿನೊಡನೆ ಏಷ್ಯದ ಹತ್ತಾರು ಭಾಷೆಗಳ ಮಾತು ಬೆರೆತು ಕೇಳಿಬರುತ್ತಿತ್ತು.

ಆರ್ವೆಲ್ಲರ ಮುಖ್ಯ ಕೆಲಸಗಳಲ್ಲಿ ಒಂದು, ವಾರದ ವಾರ್ತಾ ಸಮೀಕ್ಷೆಗಳನ್ನು ಬರೆಯುವುದು. ಯುದ್ಧದ ಸ್ಥಿತಿಗತಿಗಳನ್ನು ವಿವರಿಸುವ ಈ ಸಮೀಕ್ಷೆಗಳಲ್ಲಿ ಕೆಲವು ಇಂಗ್ಲಿಷಿನಲ್ಲಿಯೇ ಪ್ರಸಾರವಾಗುತ್ತಿದ್ದವು. ಉಳಿದವುಗಳನ್ನು ಗುಜರಾತಿ, ಮರಾಠಿ, ಬಂಗಾಳಿ, ತಮಿಳು ಮೊದಲಾದ ಭಾಷೆಗಳಿಗೆ ಅನುವಾದಿಸಿ, ಆಯಾ ಭಾಷೆಯವರೇ ಓದುತ್ತಿದ್ದರು. ಎರಡು ವರ್ಷಗಳಲ್ಲಿ ಆರ್ವೆಲ್ಲರು ಬರೆದ ಇಂತಹ ಸಮೀಕ್ಷೆಗಳ ಸಂಖ್ಯೆ ಇನ್ನೂರನ್ನು ಮೀರುತ್ತದೆ. ಜಪಾನೀಯರು ವಶಪಡಿಸಿಕೊಂಡಿದ್ದ ಮಲಯ ಮತ್ತು ಇಂಡೊನೇಷಿಯಾಗಳಿಗೂ ಅವರು ಸಮೀಕ್ಷೆಗಳನ್ನು ಬರೆದರು. ಪರದೇಶದ ಬಾನುಲಿಯನ್ನು ಕೇಳುವುದು ಆ ನಾಡುಗಳಲ್ಲಿ ಶಿಕ್ಷಾರ್ಹವಾದ ಅಪರಾಧವಾಗಿತ್ತು. ಬಾಗಿಲು ಮುಚ್ಚಿ, ಜೀವದ ಹಂಗು ತೊರೆದು, ತಗ್ಗಿದ ದನಿಯಲ್ಲಿ ವಾರ್ತೆಗಳನ್ನು ಕೇಳುವವನಿಗೆ ಸುಳ್ಳು ಹೇಳುವುದು ಎಂತಹ ಪಾಪವೆಂಬುದನ್ನು ಊಹಿಸಿಕೊಳ್ಳಬಹುದು.

ಒಂದು ಸಮೀಕ್ಷೆ ಸಿದ್ಧವಾಗಿ ಪ್ರಸಾರವಾಗುವವರೆಗೆ ಹಲವು ಮೆಟ್ಟಿಲುಗಳನ್ನು ಏರಬೇಕಾಗಿತ್ತು. ಮೊದಲು ಆರ್ವೆಲ್ಲರು ಇಂಗ್ಲಿಷಿನಲ್ಲಿ ಬರಹವನ್ನು ಸಿದ್ಧಪಡಿಸುತ್ತಿದ್ದರು. ಶತ್ರುವಿಗೆ ನೆರವಾಗುವ ಗುಟ್ಟೇನಾದರೂ ಅದರಲ್ಲಿ ಹೊರಬಿದ್ದಿದೆಯೇ ಎಂದು ಒಬ್ಬ ಅಧಿಕಾರಿ ಪರಿಶೀಲಿಸಿ ಮುದ್ರೆ ಒತ್ತಬೇಕು. ಸರ್ಕಾರದ ನೀತಿಗೆ ವಿರುದ್ಧವಾದುದೇನಾದರೂ ಇದೆಯೇ ಎಂದು ನೋಡಿ ಇನ್ನೊಂದು ಮುದ್ರೆ ಬೀಳಬೇಕು. ಆಮೇಲೆ ಅನುವಾದ. ಪ್ರಸಾರದ ವೇಳೆಯಲ್ಲಿಯೂ, ಆ ಭಾಷೆಯನ್ನು ಬಲ್ಲ ಒಬ್ಬರು ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿರುತ್ತಿದ್ದರು. ಒಪ್ಪಿಗೆಯಾದ ಬರಹವನ್ನು ಬಿಟ್ಟು ಓದುಗನು ಬೇರೇನನ್ನಾದರೂ ಹೇಳಿದರೆ ಪ್ರಸಾರವನ್ನು ತಕ್ಷಣವೇ ನಿಲ್ಲಿಸಿಬಿಡುವುದು ಅವರ ಕರ್ತವ್ಯ. ಇಷ್ಟೆಲ್ಲ ಬೇಲಿಗಳ ನಡುವೆ ಸತ್ಯ ನುಸುಳಿ ಹೋಗಬೇಕಾಗಿತ್ತು.

ಆದರೂ ಆರ್ವೆಲ್ಲರು ತಮಗೆ ದೊರೆತಷ್ಟು ಎಡೆಯಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡರು. ಸಿಂಗಪುರ ಕೈಬಿಟ್ಟುಹೋದಾಗ, ರಂಗೂನು ಬಿದ್ದಾಗ, ಆ ಸೋಲುಗಳನ್ನು ಅವರು ಮರೆಮಾಚಲಿಲ್ಲ. ಸೋಲನ್ನು ಸೋಲೆಂದು ಒಪ್ಪಿ, ಅದರ ಕಾರಣಗಳನ್ನು ಭೂಪಟದ ನೆರವಿಲ್ಲದೆಯೂ ತಿಳಿಯುವಂತೆ ವಿವರಿಸಿದರು. ಕೇಳುಗರು ಮಕ್ಕಳಲ್ಲ, ಕೆಟ್ಟ ಸುದ್ದಿಯನ್ನು ಕೇಳಿ ತಾವೇ ಯೋಚಿಸಬಲ್ಲವರು ಎಂಬ ಗೌರವ ಆ ಬರಹಗಳಲ್ಲಿ ಕಾಣುತ್ತದೆ. ಬೇರೊಂದು ಭಾಷೆಗೆ ಹೋಗಬೇಕಾದ ವಾಕ್ಯ ಸ್ಪಷ್ಟವಾಗಿರಬೇಕು. ಅಲಂಕಾರದ ಮಾತು, ಅರ್ಥವಿಲ್ಲದ ದೊಡ್ಡ ಪದ, ಇಬ್ಬಂದಿಯಾದ ನುಡಿಗಟ್ಟು ಅನುವಾದಕನ ಕೈಗೆ ಬಂದೊಡನೆ ತಮ್ಮ ಟೊಳ್ಳುತನವನ್ನು ತೋರಿಸಿಬಿಡುತ್ತವೆ. ವಾರವಾರವೂ ಅನ್ಯಭಾಷೆಗಳ ಕೇಳುಗರಿಗಾಗಿ ಬರೆದ ಆರ್ವೆಲ್ಲರ ಗದ್ಯ, ತಿಳಿನೀರಿನಂತಹ ಸರಳತೆಗೆ ಮುಂದೆ ಹೆಸರಾಯಿತು.

ಅವರ ಕೆಲಸ ವಾರ್ತೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಕಲ್ಕತ್ತ ಮತ್ತು ಮುಂಬಯಿ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ನೆರವಾಗಲೆಂದು, ಅವರ ಪಠ್ಯಗಳನ್ನೇ ಆಧರಿಸಿ ಸಾಹಿತ್ಯದ ಉಪನ್ಯಾಸಗಳನ್ನು ಇಂಗ್ಲಿಷಿನಲ್ಲಿ ಏರ್ಪಡಿಸಿದರು. ವಿಜ್ಞಾನ, ವೈದ್ಯ, ವ್ಯವಸಾಯಗಳನ್ನು ಕುರಿತು ತಜ್ಞರಿಂದ ಮಾತನಾಡಿಸಿದರು. ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್, ಕವಿ ಟಿ. ಎಸ್. ಎಲಿಯಟ್ ಮೊದಲಾದವರು ಅವರ ಕರೆಗೆ ಓಗೊಟ್ಟು ಬಂದರು. ಲಂಡನ್ನಿನ ಜೀವನವನ್ನು ಭಾರತೀಯರೇ ಭಾರತೀಯರಿಗೆ ಬಣ್ಣಿಸುವ ಭಾಷಣಮಾಲೆಯೂ ನಡೆಯಿತು. ‘ವಾಯ್ಸ್’ ಎಂಬ ಹೆಸರಿನಲ್ಲಿ, ಮುದ್ರಣವಿಲ್ಲದ, ಕಿವಿಯಿಂದಲೇ ಓದಬೇಕಾದ ಒಂದು ಸಾಹಿತ್ಯಪತ್ರಿಕೆಯನ್ನು 1942ರಲ್ಲಿ ಆರಂಭಿಸಿದರು. ಅದರ ಒಂದು ಸಂಚಿಕೆಗಾಗಿ ಎಲಿಯಟ್, ಮುಲ್ಕ್ ರಾಜ್ ಆನಂದ್, ನಾರಾಯಣ ಮೆನನ್, ಸಿಂಹಳದಿಂದ ಬಂದ ಕವಿ ತಂಬಿಮುತ್ತು, ಜಮೈಕಾದ ಕವಯಿತ್ರಿ ಉನಾ ಮಾರ್ಸನ್, ವೇಣು ಚಿತಳೆ ಎಲ್ಲರೂ ಒಂದೇ ಮೇಜಿನ ಸುತ್ತ ನೆರೆದ ಛಾಯಾಚಿತ್ರವೊಂದು ಇಂದಿಗೂ ಉಳಿದಿದೆ. ಆಳುವ ನಾಡಿನವರೂ ಆಳಿಸಿಕೊಳ್ಳುವ ನಾಡಿನವರೂ ಸಮಾನರಾಗಿ ಕುಳಿತ ಆ ನೋಟ, ಅಂದಿನ ಜಗತ್ತಿನಲ್ಲಿ ಅಪರೂಪವಾದದ್ದು.

1942ರ ಆಗಸ್ಟ್ ತಿಂಗಳು ಆರ್ವೆಲ್ಲರಿಗೆ ಕಠಿಣವಾದ ಪರೀಕ್ಷೆಯನ್ನು ತಂದಿತು. ಮುಂಬಯಿಯಲ್ಲಿ ಕಾಂಗ್ರೆಸ್ ಮಹಾಸಮಿತಿ ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂದು ನಿರ್ಣಯ ಮಾಡಿತು. ಮರುದಿನ ಬೆಳಗಾಗುವುದರೊಳಗೆ ಗಾಂಧೀಜಿ, ನೆಹರೂ, ಆಜಾದ್ ಮೊದಲಾದ ನಾಯಕರೆಲ್ಲ ಸೆರೆಮನೆ ಸೇರಿದರು. ಲಂಡನ್ನಿನ ಕಚೇರಿಯಲ್ಲಿದ್ದ ಭಾರತೀಯ ಸಹೋದ್ಯೋಗಿಗಳ ಮುಖಗಳು ಬಾಡಿದವು. ಆರ್ವೆಲ್ಲರಿಗೂ ತಮ್ಮ ಸರ್ಕಾರದ ಈ ನಡತೆಯಿಂದ ತೀವ್ರವಾದ ಜುಗುಪ್ಸೆಯಾಯಿತು. ಅದನ್ನು ಅವರು ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಆದರೆ ಮೈಕಿನ ಮುಂದೆ ಅದನ್ನು ಹೇಳುವಂತಿರಲಿಲ್ಲ. ಪ್ರಚಾರವೆಂಬುದು ನಿಜವನ್ನು ಹೇಳುವಾಗಲೂ ಸುಳ್ಳಿನ ಸೋಂಕಿನಿಂದ ಪಾರಾಗಲಾರದೆಂಬ ಕಹಿಸತ್ಯವನ್ನು ಅವರು ಅದೇ ವರ್ಷ ದಿನಚರಿಯಲ್ಲಿ ಗುರುತಿಸಿದ್ದರು. ಹೇಳಿದ್ದೆಲ್ಲ ನಿಜವಾಗಿದ್ದರೂ, ಹೇಳದೆ ಬಿಟ್ಟದ್ದರಿಂದ ಕೇಳುಗರಿಗೆ ಅನ್ಯಾಯವಾಗಬಹುದು. ಈ ದೋಷದಿಂದ ತಾವು ಪೂರ್ಣವಾಗಿ ಮುಕ್ತರೆಂದು ಅವರು ಎಂದೂ ಭಾವಿಸಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ, ಇಂಗ್ಲಿಷ್ ಸಮೀಕ್ಷೆಗಳನ್ನು ಆರ್ವೆಲ್ಲರು ತಮ್ಮ ಹೆಸರಿನಲ್ಲಿಯೇ ಓದಬೇಕೆಂಬ ಸೂಚನೆ ಬಂದಿತು. ಪುಸ್ತಕಗಳ ಮೂಲಕ ಭಾರತದಲ್ಲಿ ಅವರ ಹೆಸರು ಕೆಲವರಿಗಾದರೂ ಪರಿಚಿತವಾಗಿತ್ತು. ಆರ್ವೆಲ್ಲರು ಕೂಡಲೇ ಒಪ್ಪಲಿಲ್ಲ. ಸಾಮ್ರಾಜ್ಯದ ವಿರೋಧಿ, ಸ್ವತಂತ್ರ ವಿಚಾರದವನು ಎಂಬ ಕಾರಣಕ್ಕಾಗಿಯೇ ತಮ್ಮ ಹೆಸರಿಗೆ ಬೆಲೆಯಿದೆ. ಸರ್ಕಾರದ ಮಾತನ್ನೇ ಆ ಹೆಸರಿನಲ್ಲಿ ಆಡಿದರೆ ಆ ಬೆಲೆ ಉಳಿಯದು. ತಾವು ಒಪ್ಪದ ಒಂದು ಮಾತನ್ನೂ ಆಡುವ ಒತ್ತಾಯವಿಲ್ಲದಿದ್ದರೆ ಮಾತ್ರ ಹೆಸರು ಹೇಳಿ ಮಾತನಾಡುವುದಾಗಿ ಮೇಲಧಿಕಾರಿಗಳಿಗೆ ಬರೆದು ತಿಳಿಸಿದರು. ಅವರ ನಿಲುವನ್ನು ಸಂಸ್ಥೆ ಒಪ್ಪಿಕೊಂಡಿತು. ನವೆಂಬರಿನಿಂದ ಜಾರ್ಜ್ ಆರ್ವೆಲ್ಲರು ತಮ್ಮ ಹೆಸರಿನಲ್ಲಿಯೇ ಭಾರತದೊಡನೆ ಮಾತನಾಡಿದರು. ಗುಂಡೇಟಿನಿಂದ ಕುಗ್ಗಿದ್ದ ಆ ಧ್ವನಿ ಬಾನುಲಿಗೆ ತಕ್ಕುದಲ್ಲವೆಂದು ಮೇಲಿನವರು ಆಕ್ಷೇಪಿಸಿದ್ದೂ ಉಂಟು. ಆದರೆ ತಮ್ಮ ಮಾತಿಗೆ ತಾವೇ ಹೊಣೆಯಾಗಿ ನಿಲ್ಲುವ ಧೈರ್ಯ ಆ ಧ್ವನಿಗೆ ಇತ್ತು.

ಇಷ್ಟೆಲ್ಲ ಶ್ರಮವನ್ನು ಕೇಳುತ್ತಿದ್ದವರು ಯಾರು? ಈ ಪ್ರಶ್ನೆ ಆರ್ವೆಲ್ಲರನ್ನು ದಿನದಿನಕ್ಕೂ ಕಾಡತೊಡಗಿತು. ಸುಮಾರು 40 ಕೋಟಿ ಜನರಿದ್ದ ಭಾರತದಲ್ಲಿ ಅಂದು ರೇಡಿಯೋ ಪೆಟ್ಟಿಗೆಗಳು ಬಹಳ ಕಡಿಮೆ. ವಿದ್ಯುತ್ತು ಇಲ್ಲದ ಹಳ್ಳಿಗಳೇ ಹೆಚ್ಚು. ಇದ್ದವರ ಮನೆಯಲ್ಲಿಯೂ ಹ್ರಸ್ವ ತರಂಗದ ಪ್ರಸಾರ ಒಮ್ಮೆ ಏರುತ್ತ ಒಮ್ಮೆ ತಗ್ಗುತ್ತ, ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕೇಳುಗರ ಸ್ಥಿತಿಯನ್ನು ಅರಿಯಲು ಲಾರೆನ್ಸ್ ಬ್ರ್ಯಾಂಡರ್ ಎಂಬ ಅಧಿಕಾರಿ 1942ರಲ್ಲಿ ಭಾರತಕ್ಕೆ ಬಂದು ಸಂಚಾರ ಮಾಡಿ ವರದಿ ಒಪ್ಪಿಸಿದರು. ಅದರಲ್ಲಿ ಸಂತೋಷಪಡುವಂತಹ ಸಂಗತಿಗಳು ಹೆಚ್ಚಾಗಿರಲಿಲ್ಲ. ಆಳುವವರ ಬಾನುಲಿಯೆಂಬ ಅಪನಂಬಿಕೆಯೂ ದೊಡ್ಡ ತಡೆಯಾಗಿತ್ತು. ನಾಯಕರನ್ನು ಸೆರೆಯಲ್ಲಿಟ್ಟವರು ಅವರ ಅನುಯಾಯಿಗಳೊಡನೆ ಎಷ್ಟು ಇಂಪಾಗಿ, ಎಷ್ಟು ಸೊಗಸಾದ ತಾಯ್ನುಡಿಯಲ್ಲಿ ಮಾತನಾಡಿದರೇನು?

1943ರ ಸೆಪ್ಟೆಂಬರ್ 24ರಂದು ಆರ್ವೆಲ್ಲರು ರಾಜೀನಾಮೆಯ ಪತ್ರವನ್ನು ಬರೆದರು. ಆ ಪತ್ರದಲ್ಲಿ ಕೋಪವಿಲ್ಲ, ದೂರಿಲ್ಲ. ಸಂಸ್ಥೆ ತಮ್ಮನ್ನು ಉದಾರವಾಗಿ ನಡೆಸಿಕೊಂಡಿತೆಂದೂ, ಮನಸ್ಸಿಗೆ ಒಪ್ಪದ ಮಾತನ್ನು ಆಡುವಂತೆ ಎಂದೂ ತಮ್ಮನ್ನು ಬಲವಂತಪಡಿಸಲಿಲ್ಲವೆಂದೂ ತಿಳಿಸಿ, ಫಲ ಕೊಡದ ಕೆಲಸದಲ್ಲಿ ತಮ್ಮ ಸಮಯವನ್ನೂ ಸಾರ್ವಜನಿಕರ ಹಣವನ್ನೂ ವ್ಯರ್ಥಮಾಡುತ್ತಿರುವುದಾಗಿ ಅನ್ನಿಸುತ್ತಿದೆಯೆಂದು ಅವರು ಅದರಲ್ಲಿ ವಿವರಿಸಿದರು. ಸಂಬಳ ಬರುವ ಉದ್ಯೋಗವನ್ನು ಇಂತಹ ಕಾರಣಕ್ಕಾಗಿ ಬಿಡುವವರು ವಿರಳ. ಬಿಡುವ ಕೆಲವೇ ದಿನಗಳ ಮೊದಲು, ನವೆಂಬರಿನಲ್ಲಿ, ಅವರು ಸಿದ್ಧಪಡಿಸಿದ ಕಾರ್ಯಕ್ರಮವೊಂದು ಆ್ಯಂಡರ್ಸನ್ನನ ಪ್ರಸಿದ್ಧ ಮಕ್ಕಳ ಕಥೆಯ ರೂಪಾಂತರವಾಗಿತ್ತು. ಇಲ್ಲದ ಬಟ್ಟೆಯನ್ನು ಉಟ್ಟು ಮೆರವಣಿಗೆ ಹೊರಟ ರಾಜನನ್ನು ಎಲ್ಲರೂ ಹೊಗಳುತ್ತಿರಲು, ರಾಜನ ಮೈಮೇಲೆ ಬಟ್ಟೆಯೇ ಇಲ್ಲವೆಂದು ಮಗುವೊಂದು ಕೂಗಿ ಹೇಳಿದ ಕಥೆ ಅದು.

ಬಾನುಲಿಯನ್ನು ಬಿಟ್ಟ ಆರ್ವೆಲ್ಲರು ‘ಟ್ರಿಬ್ಯೂನ್’ ಪತ್ರಿಕೆಯ ಸಾಹಿತ್ಯ ಸಂಪಾದಕರಾದರು. ಅದೇ ಚಳಿಗಾಲದಲ್ಲಿ ತಾವೂ ಒಂದು ಪ್ರಾಣಿಕಥೆಯನ್ನು ಬರೆಯತೊಡಗಿದರು. ಯಜಮಾನನನ್ನು ಓಡಿಸಿ ಸ್ವತಂತ್ರವಾದ ಪ್ರಾಣಿಗಳು, ತಮ್ಮಲ್ಲಿಯೇ ಹುಟ್ಟಿಕೊಂಡ ಹೊಸ ಯಜಮಾನರ ಸುಳ್ಳುಗಳಿಗೆ ಬಲಿಯಾಗುವ ಕಥೆಯೇ ‘ಅನಿಮಲ್ ಫಾರ್ಮ್’. ಅದರ ಪ್ರಕಟಣೆಯೂ ಸುಲಭವಾಗಲಿಲ್ಲ. ರಷ್ಯ ಆಗ ಬ್ರಿಟನ್ನಿನ ಮಿತ್ರರಾಷ್ಟ್ರವಾದುದರಿಂದ ಹಲವು ಪ್ರಕಾಶಕರು ಹಿಂಜರಿದರು. ಬಾನುಲಿಯಲ್ಲಿ ಅವರ ಅತಿಥಿಯಾಗಿದ್ದ ಎಲಿಯಟ್ ಅವರ ಪ್ರಕಾಶನಸಂಸ್ಥೆಯೂ ಒಲ್ಲೆನೆಂದಿತು. 1944ರ ಜೂನ್‌ನಲ್ಲಿ ಶತ್ರುಗಳ ಬಾಂಬಿನಿಂದ ಆರ್ವೆಲ್ಲರ ಮನೆ ಹಾಳಾಯಿತು. ಹಸ್ತಪ್ರತಿ ಮುದುಡಿಹೋದರೂ ಉಳಿಯಿತು. 1945ರ ಆಗಸ್ಟ್‌ನಲ್ಲಿ ಪುಸ್ತಕ ಪ್ರಕಟವಾದೊಡನೆ ಅವರ ಕೀರ್ತಿ ಹಬ್ಬಿತು. ಯುದ್ಧದಲ್ಲಿ ನೆಲೆ ಕಳೆದುಕೊಂಡು ಜರ್ಮನಿಯ ಶಿಬಿರಗಳಲ್ಲಿದ್ದ ಉಕ್ರೇನಿನ ನಿರಾಶ್ರಿತರಿಗಾಗಿ ತರುಣ ವಿದ್ವಾಂಸನೊಬ್ಬನು ಅದನ್ನು ತನ್ನ ಭಾಷೆಗೆ ಅನುವಾದಿಸಲು ಬಯಸಿದಾಗ, ಆರ್ವೆಲ್ಲರು ಸಂಭಾವನೆಯನ್ನು ಪಡೆಯದೆ ಒಪ್ಪಿಗೆ ಕೊಟ್ಟುದಲ್ಲದೆ, ಆ ಓದುಗರಿಗಾಗಿಯೇ ವಿಶೇಷವಾದ ಮುನ್ನುಡಿಯನ್ನು ಬರೆದುಕೊಟ್ಟರು. 1947ರಲ್ಲಿ ಆ ಅನುವಾದ ಪ್ರಕಟವಾಯಿತು. ಜನರನ್ನು ಅವರವರ ನುಡಿಯಲ್ಲಿಯೇ ಮುಟ್ಟಬೇಕೆಂಬ ಬಾನುಲಿಯ ದಿನಗಳ ಪಾಠವನ್ನು ಅವರು ಮರೆತಿರಲಿಲ್ಲ.

1945ರಲ್ಲಿ ಪತ್ನಿ ಐಲೀನ್ ತೀರಿಕೊಂಡರು. ತಬ್ಬಲಿತನದ ನೆರಳಲ್ಲಿದ್ದ ದತ್ತುಪುತ್ರನನ್ನು ಸಾಕುತ್ತ, ಸ್ಕಾಟ್‌ಲೆಂಡಿನ ಜೂರಾ ಎಂಬ ದ್ವೀಪದ ಒಂಟಿಮನೆಯಲ್ಲಿ, ಕ್ಷಯರೋಗದೊಡನೆ ಸೆಣಸುತ್ತ ಅವರು ತಮ್ಮ ಕೊನೆಯ ಕಾದಂಬರಿಯನ್ನು ಬರೆದರು. 1949ರಲ್ಲಿ ಪ್ರಕಟವಾದ ‘ನೈನ್‌ಟೀನ್ ಎಯ್ಟಿ ಫೋರ್’ ಕಾದಂಬರಿಯ ನಾಯಕ ಸತ್ಯದ ಇಲಾಖೆ ಎಂಬ ಹೆಸರಿನ ಕಚೇರಿಯಲ್ಲಿ ದುಡಿಯುತ್ತಾನೆ. ಹಳೆಯ ಪತ್ರಿಕೆಗಳನ್ನು ತಿದ್ದಿ, ನಡೆದುದನ್ನು ನಡೆಯಲಿಲ್ಲವೆಂದು ಮಾಡುವುದೇ ಅವನ ಕೆಲಸ. ಗೂಡುಗಳಂತಹ ಕೋಣೆಗಳು, ಪರಿಶೀಲನೆಯ ಮುದ್ರೆಗಳು, ಮಾತನ್ನು ಕತ್ತರಿಸುವ ಅಧಿಕಾರ, ಇವೆಲ್ಲವನ್ನೂ ಆರ್ವೆಲ್ಲರು ಕಣ್ಣಾರೆ ಕಂಡಿದ್ದರು. ಸ್ಪೇನಿನಲ್ಲಿ ಹುಟ್ಟಿದ ಭಯಕ್ಕೆ ಬಾನುಲಿಯ ಕಚೇರಿಯ ಅನುಭವ ರೂಪವನ್ನು ಕೊಟ್ಟಿತು. ಪುಸ್ತಕ ಪ್ರಕಟವಾದ ಏಳೆಂಟು ತಿಂಗಳುಗಳಲ್ಲಿ, 1950ರ ಜನವರಿ 21ರಂದು, 46ನೆಯ ವಯಸ್ಸಿನಲ್ಲಿ ಆರ್ವೆಲ್ಲರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕಣ್ಮುಚ್ಚಿದರು. ಅವರ ಸಮಾಧಿಯ ಕಲ್ಲಿನ ಮೇಲೆ ಎರಿಕ್ ಆರ್ಥರ್ ಬ್ಲೇರ್ ಎಂಬ ಹೆಸರು ಮಾತ್ರವಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಿದೆ. ಆರ್ವೆಲ್ಲರ ಬಾನುಲಿಯ ಮಾತುಗಳೂ ಹಾಗೆಯೇ ಗಾಳಿಯಲ್ಲಿ ಕರಗಿಹೋದವು. ಅವರ ಧ್ವನಿಯ ಒಂದೇ ಒಂದು ಮುದ್ರಿಕೆಯೂ ಇಂದು ಉಳಿದಿಲ್ಲ. ಆದರೆ ಅವರು ಬರೆದ ಹಾಳೆಗಳು ಬಿ.ಬಿ.ಸಿ.ಯ ಪತ್ರಾಗಾರದಲ್ಲಿ ಹಲವು ದಶಕಗಳ ಕಾಲ ಮರೆಯಾಗಿದ್ದು, ಕೊನೆಗೆ ಸಂಶೋಧಕರ ಕಣ್ಣಿಗೆ ಬಿದ್ದು, 1985ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. 2017ರಲ್ಲಿ ಆ ಸಂಸ್ಥೆಯ ಕಟ್ಟಡದ ಹೊರಗೆ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. ಅವರ ಕಾಲದಲ್ಲಿ ಆರಂಭವಾದ ಭಾರತೀಯ ಭಾಷೆಗಳ ಪ್ರಸಾರಗಳಲ್ಲಿ ಕೆಲವು ದೇಶ ಸ್ವತಂತ್ರವಾದ ಮೇಲೂ ಮುಂದುವರಿದು, ರೇಡಿಯೋ ಪೆಟ್ಟಿಗೆಗಳು ಹಳ್ಳಿಹಳ್ಳಿಗಳನ್ನು ಮುಟ್ಟಿದಾಗ ಲಕ್ಷಾಂತರ ಕೇಳುಗರನ್ನು ಪಡೆದವು. ಕಾಲ ಬದಲಾದಂತೆ ಆ ಬಾನುಲಿ ಪ್ರಸಾರಗಳೂ ಒಂದೊಂದಾಗಿ ನಿಂತವು. ತಮಿಳು ಪ್ರಸಾರ 2017ರಲ್ಲಿ, ಹಿಂದೀ ಪ್ರಸಾರ 2020ರಲ್ಲಿ, ಬಂಗಾಳಿ ಪ್ರಸಾರ 2022ರ ಕೊನೆಯಲ್ಲಿ ಮುಕ್ತಾಯಗೊಂಡವು.

ಇಂದು ಪ್ರತಿಯೊಬ್ಬರ ಮಾತೂ ಕ್ಷಣಮಾತ್ರದಲ್ಲಿ ಕಾಣದ ಕೇಳುಗರನ್ನು ತಲುಪುತ್ತದೆ. ಎಲ್ಲ ಭಾಷೆಗಳಲ್ಲಿಯೂ ಸುದ್ದಿ ದೊರೆಯುತ್ತದೆ. ಎಲ್ಲ ಭಾಷೆಗಳಲ್ಲಿಯೂ ಸುಳ್ಳು ದೊರೆಯುತ್ತದೆ. ಕೇಳುಗನ ಭಾಷೆಯನ್ನು ಆಡುವುದು ಅವನಿಗೆ ತೋರುವ ಮೊದಲ ಗೌರವ. ಆ ಭಾಷೆಯಲ್ಲಿ ಸತ್ಯವನ್ನು ಆಡುವುದು ಅದಕ್ಕಿಂತಲೂ ದೊಡ್ಡ ಗೌರವ. ಕೇಳುವವರು ಇದ್ದಾರೋ ಇಲ್ಲವೋ ಎಂಬ ಸಂದೇಹ ಕಾಡುತ್ತಿದ್ದಾಗಲೂ, ಕುಗ್ಗಿದ ಕೊರಳಿನ ಆ ಲೇಖಕರು ಕಾಣದ ಕೇಳುಗರನ್ನು ತಮ್ಮ ಸಮಾನರೆಂದು ಭಾವಿಸಿ ಮಾತನಾಡಿದರು. ಅವರ ಧ್ವನಿ ಉಳಿಯದಿದ್ದರೂ ಆ ನಡತೆ ನಮಗೆ ದಾರಿದೀಪವಾಗಿ ಉಳಿದಿದೆ.